ಲೀಟರ್ ಎಣ್ಣೆ ಕಿಲೋ ತೂಗದಿದ್ದರೆ ಗಿರಾಕಿಗೆ ಏನು ಹೇಳಬೇಕು?

ಕೇಳಿದವರು: ಮರದ ಗಾಣ ಹಾಕಿಸಿ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಮಾರುತ್ತಿದ್ದೇನೆ. ಜೊತೆಗೆ ಮಲೆನಾಡಿನಿಂದ ತರಿಸಿದ ಜೇನುತುಪ್ಪವೂ ಇದೆ. ಗಿರಾಕಿಯೊಬ್ಬರು ಲೀಟರ್ ಬಾಟಲಿಯನ್ನು ಮನೆಯಲ್ಲಿ ತೂಗಿ, ತೊಂಬತ್ತು ಗ್ರಾಂ ಕಡಿಮೆ ಇದೆಯೆಂದು ಜಗಳ ತೆಗೆದರು. ಅಳತೆಯಲ್ಲಿ ಮಾರಲೇ, ತೂಕದಲ್ಲಿ ಮಾರಲೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಗಾಣದ ಎಣ್ಣೆ ವ್ಯಾಪಾರಿ, ತಿಪಟೂರು ಕಡೆ: ಅವರು ತೂಗಿದ್ದು ಸರಿ, ಜಗಳ ಮಾತ್ರ ತಪ್ಪು. ಕಡಲೆಕಾಯಿ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಕೊಬ್ಬರಿ ಎಣ್ಣೆ ಅದಕ್ಕಿಂತ ತುಸು ಹೆಚ್ಚು. ನಾನು ತೂಕದಲ್ಲೇ ಮಾರುತ್ತೇನೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಿ ಕುಗ್ಗುತ್ತದೆ. ಧನುರ್ಮಾಸದ ಬೆಳಿಗ್ಗೆ ಬಾಟಲಿಯ ಕತ್ತಿನ ಹತ್ತಿರ ಖಾಲಿ ಕಂಡರೆ ಗಿರಾಕಿ ಸುಮ್ಮನಿರುತ್ತಾರೆಯೇ? ತಕ್ಕಡಿಯ ಮೇಲಿಟ್ಟು ತೋರಿಸಿದರೆ ಮಾತು ಮುಗಿಯಿತು. ಆದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಕಟ್ಟಿ: ಒಂದು ಕಿಲೋ ಎಂದರೆ ಹೆಚ್ಚುಕಡಿಮೆ 1.1 ಲೀಟರ್. ಪಕ್ಕದ ಅಂಗಡಿಯ ಲೀಟರ್ ದರಕ್ಕೆ ನೀವು ಕಿಲೋ ಕೊಟ್ಟರೆ ತೊಂಬತ್ತು ಗ್ರಾಂನಷ್ಟು ಎಣ್ಣೆ ಪುಕ್ಕಟೆ ಹೋಗುತ್ತದೆ.

ಪ್ಯಾಕಿಂಗ್ ಘಟಕ ನಡೆಸುವವರು: ಚೀಟಿಯ ಮೇಲೆ ಲೀಟರ್, ಗ್ರಾಂ ಎರಡನ್ನೂ ಹಾಕಿಬಿಡಿ. ಬಿಸಿಯಾದ ಎಣ್ಣೆ ಹಿಗ್ಗುತ್ತದೆ, ಅದೇ ಲೀಟರಿನ ತೂಕ ಇಳಿಯುತ್ತದೆ. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 892.6 ಗ್ರಾಂ. ಕೆಲವು ಕಂಪನಿಗಳು ಪೊಟ್ಟಣದ ಮೇಲೆ 60 ಡಿಗ್ರಿ ಎಂದು ನಮೂದಿಸುತ್ತಿದ್ದುದರ ಲಾಭ ಎಲ್ಲಿತ್ತು ಎಂದು ಈಗ ಗೊತ್ತಾಯಿತಲ್ಲ! 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ತಾಪಮಾನ ಬರೆಯದೆ ಗಾತ್ರದ ಜೊತೆ ತೂಕವನ್ನೂ ನಮೂದಿಸಿ ಎಂದು ಎಣ್ಣೆ ತಯಾರಕರಿಗೆ ಸೂಚಿಸಿತು. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮಾಪನ ಇಲಾಖೆಯ ಮುದ್ರೆ ಹಾಕಿಸುವುದನ್ನು ಮರೆಯಬೇಡಿ.

ಜೇನು ಸಾಕುವವರು, ಸಿದ್ದಾಪುರ: ಜೇನುತುಪ್ಪದ್ದು ಉಲ್ಟಾ ಲೆಕ್ಕ. ಒಳ್ಳೆಯ ಜೇನುತುಪ್ಪ ಲೀಟರಿಗೆ 1.4 ಕಿಲೋ ತೂಗುತ್ತದೆ. ಲೀಟರಿನಲ್ಲಿ ಕೊಂಡು ಕಿಲೋದಲ್ಲಿ ಮಾರುವ ದಲ್ಲಾಳಿಗಳು ಈ ವ್ಯತ್ಯಾಸದಲ್ಲೇ ಬದುಕುತ್ತಾರೆ. ನೀವು ತರಿಸುವಾಗಲೂ ತೂಕದಲ್ಲೇ ತರಿಸಿ, ಬಂದದ್ದನ್ನು ಹೀಗೆ ನೋಡಿ. ಸಣ್ಣ ಬಾಯಿಯ ಗಾಜಿನ ಬಾಟಲಿಯನ್ನು ಒಣಗಿಸಿ, ಖಾಲಿ ತೂಗಿ. ಕತ್ತಿಗೆ ಒಂದು ಗೆರೆ ಹಾಕಿ, ಅಲ್ಲಿಯವರೆಗೆ ನೀರು ತುಂಬಿ ಮತ್ತೆ ತೂಗಿ. ನೀರು ಚೆಲ್ಲಿ, ಚೆನ್ನಾಗಿ ಒಣಗಿಸಿ, ಅದೇ ಗೆರೆಗೆ ಜೇನುತುಪ್ಪ ತುಂಬಿ ತೂಗಿ. ಎರಡರಲ್ಲೂ ಖಾಲಿ ಬಾಟಲಿಯ ತೂಕ ಕಳೆಯಿರಿ. ನೀರು 500 ಗ್ರಾಂ ಹಿಡಿದ ಕಡೆ ಜೇನುತುಪ್ಪ 700 ಗ್ರಾಂ ಹಿಡಿದರೆ ಅದರ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, 1.4. ಆಹಾರ ಸುರಕ್ಷತಾ ಪ್ರಾಧಿಕಾರದ ಕನಿಷ್ಠ ಮಿತಿ 27 ಡಿಗ್ರಿಯಲ್ಲಿ 1.35, ನೀರಿನಂಶ ಶೇ. 20 ಮೀರಬಾರದು. ಸುರಿದ ಕೂಡಲೇ ತೂಗಬೇಡಿ, ಗುಳ್ಳೆಗಳು ಮೇಲೆ ಬಂದು ಒಡೆಯಲಿ. ಒಳಗೆ ಗಾಳಿ ಉಳಿದರೆ ಲೆಕ್ಕ ಕಡಿಮೆ ಬರುತ್ತದೆ. ನಮ್ಮ ತುಡುವೆ ಜೇನಿನ ತುಪ್ಪ, ಅದರಲ್ಲೂ ಹುಳುಗಳು ಎರಿಯ ಕೋಣೆಗಳಿಗೆ ಮೇಣದ ಮುಚ್ಚಳ ಹಾಕುವ ಮೊದಲೇ ತೆಗೆದದ್ದು, ಸ್ವಭಾವತಃ ತೆಳು. ತೆಳುವಾಗಿದೆ ಎಂದಾಕ್ಷಣ ಕಲಬೆರಕೆ ಎನ್ನಬೇಡಿ. ಆದರೆ ಅದು ಬೇಗ ಹುಳಿಯುತ್ತದೆ, ಬೇಗ ಮಾರಿ.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ: ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಈ ಪರೀಕ್ಷೆ ನೀರು ಬೆರೆಸಿದ್ದನ್ನು ಹಿಡಿಯಬಹುದು, ಸಕ್ಕರೆ ಪಾಕವನ್ನು ಹಿಡಿಯಲಾರದು. ಪಾಕವನ್ನು ಬೇಕಾದಷ್ಟು ಗಟ್ಟಿಯಾಗಿ ಕಾಯಿಸಿದರೆ ಅದೇ 1.4 ಬರುತ್ತದೆ. ಅದಕ್ಕೆ ಪ್ರಯೋಗಾಲಯವೇ ಆಗಬೇಕು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಎಣ್ಣೆಗೆ ಎರಡೂ ನಮೂದು, ಜೇನಿಗೆ ತೂಕ ಮಾತ್ರ ಎಂದು ತೀರ್ಮಾನಿಸಿದೆ. ಬಾಟಲಿ ಎಲ್ಲಿ ತರಿಸುತ್ತೀರಿ? ಒಂದು ಕಿಲೋ ಜೇನಿಗೆ ಲೀಟರ್ ಬಾಟಲಿ ದೊಡ್ಡದಾಗುತ್ತಿದೆ.

ಜೇನು ಸಾಕುವವರು, ಸಿದ್ದಾಪುರ: ಲೀಟರ್ ಬಾಟಲಿ ಬೇಡ. 750 ಮಿಲಿಲೀಟರಿನದು ಕೇಳಿ. ಕಿಲೋ ತುಂಬಿದ ಮೇಲೂ ಮುಚ್ಚಳದ ಕೆಳಗೆ ಸ್ವಲ್ಪ ಜಾಗ ಉಳಿಯುತ್ತದೆ.