ಲಿಥುವೇನಿಯಾದ ನೇಯ್ದ ಪಟ್ಟಿಗಳು: ಒಂದೇ ಆಕಾರ ಅಂದರೆ ಒಂದೇ ಅರ್ಥವೇ?

ಮಲೆನಾಡಿಗಿತ್ತಿ:
ಲಿಥುವೇನಿಯಾದ ಸೊಂಟಪಟ್ಟಿ 'ಯುಯೊಸ್ತಾ' ನೋಡಿದ್ದೀರಾ? ಬಿಳಿ ಲಿನನ್ ನೂಲಿನ ನಡುವೆ ಬಣ್ಣದ ಉಣ್ಣೆಯ ಚಿತ್ತಾರ. ವಿಲ್ನಿಯಸ್‌ನಲ್ಲಿ 1921ರಲ್ಲಿ ಹುಟ್ಟಿದ ಪುರಾತತ್ವಜ್ಞೆ ಮರಿಯಾ ಗಿಂಬುಟಾಸ್, ಅಲ್ಲಿನ ಜನಪದ ಕಲೆಯ ಕಪ್ಪೆಯಂಥ ಗುರುತುಗಳ ಬೇರನ್ನು ನವಶಿಲಾಯುಗದ ದೇವಿಯವರೆಗೆ ಒಯ್ದರು. ಈ ಪಟ್ಟಿಗಳಲ್ಲಿರುವ ವಜ್ರಾಕೃತಿಯೇ ಟರ್ಕಿಯ ಕಿಲಿಮ್ ಎಂಬ ನೇಯ್ದ ಜಮಖಾನೆಯಲ್ಲಿದೆ, ನಮ್ಮ ಕಸೂತಿಯಲ್ಲೂ ಇದೆ. ಇಷ್ಟು ಹೋಲಿಕೆ ಸುಮ್ಮನೆ ಬರುತ್ತದೆಯೇ? ಮೂಲ ಒಂದೇ ಇರಬೇಕು.

ಮಗ್ಗದಮನೆ:
ಸುಮ್ಮನೆ ಅಲ್ಲ, ನೂಲಿನಿಂದ ಬರುತ್ತದೆ. ಆ ಪಟ್ಟಿಯಲ್ಲಿ ಚಿತ್ತಾರದ ಹಾಸುನೂಲನ್ನು ನೇಯುವವಳು ಸಾಲುಸಾಲಿಗೂ ಬೆರಳಿನಿಂದ ಎತ್ತಿ ಆರಿಸುತ್ತಾಳೆ. ಪ್ರತಿ ಸಾಲಿಗೆ ಒಂದೊಂದು ಎಳೆ ಪಕ್ಕಕ್ಕೆ ಸರಿದರೆ ಓರೆಗೆರೆ. ಎರಡು ಓರೆಗೆರೆ ಕೂಡಿದರೆ ವಜ್ರ. ಎಳೆಯನ್ನು ನೇಯ್ಗೆಗೆ ಸಿಗದಂತೆ ಉದ್ದಕ್ಕೆ ಮೇಲೆ ತೇಲಲು ಬಿಟ್ಟರೆ ಉಡುವಾಗ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಆಕಾರವನ್ನು ಚಿಕ್ಕಚಿಕ್ಕದಾಗಿ ಒಡೆಯಲೇಬೇಕು. ಕಸೂತಿಯೂ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗೋಪುರ ಮೆಟ್ಟಿಲುಮೆಟ್ಟಿಲಾಗಿ ಏಳುವುದು ಅದಕ್ಕೇ. ಎಂಟು ಮೂಲೆಯ ನಕ್ಷತ್ರ ಪೆರುವಿನ ಆಂಡಿಸ್ ಬೆಟ್ಟಗಳ ನೇಯ್ಗೆಯಲ್ಲೂ ಇದೆ. ಅಲ್ಲಿಗೆ ಯಾವ ದೇವಿ ಹೋಗಿದ್ದಳು?

ಉತ್ಖನನ:
ಕಿಲಿಮ್ ವಿಷಯದಲ್ಲಂತೂ ಹುಷಾರಾಗಿರಿ. ಟರ್ಕಿಯ ನವಶಿಲಾಯುಗದ ನೆಲೆ ಚಾತಾಲ್‌ಹೊಯುಕ್‌ನ ಗೋಡೆಚಿತ್ರಗಳಲ್ಲೇ ಕಿಲಿಮ್ ವಿನ್ಯಾಸಗಳ ಮೂಲವಿದೆ ಎಂದು 1989ರಲ್ಲಿ ಅಲ್ಲಿ ಉತ್ಖನನ ಮಾಡಿದ್ದ ಪುರಾತತ್ವಜ್ಞ ಜೇಮ್ಸ್ ಮೆಲಾರ್ಟ್ ವಾದಿಸಿದರು. ಫೋಟೋ ಇಲ್ಲ, ಕೈಯಲ್ಲಿ ಬಿಡಿಸಿದ ನಕ್ಷೆಗಳಷ್ಟೇ. ಅವರು ತೀರಿಕೊಂಡ ಮೇಲೆ, 2018ರಲ್ಲಿ, ಅಂಥ ಚಿತ್ರಗಳನ್ನು ಅವರೇ ಕಟ್ಟಿ ತಯಾರಿಸಿದ್ದ ಕರಡುಗಳು ಅವರ ಲಂಡನ್ ಮನೆಯಲ್ಲಿ ಸಿಕ್ಕವು. ಗಿಂಬುಟಾಸ್ ಅಂಥದ್ದೇನೂ ಮಾಡಿಲ್ಲ. ಆದರೆ ಸಾವಿರಾರು ವರ್ಷಗಳ ಅಂತರಕ್ಕೆ ಆಕಾರದ ಹೋಲಿಕೆಯೊಂದನ್ನೇ ಸೇತುವೆ ಮಾಡಿದರೆ ನಿಲ್ಲುವುದಿಲ್ಲ.

ಮಲೆನಾಡಿಗಿತ್ತಿ:
ಹಾಗಾದರೆ ಲಿಥುವೇನಿಯಾದ ನಿದಾ ಊರಿನ ಸ್ಮಶಾನದ ಮರದ ಗುರುತುಗಳಿಗೆ ಏನು ಹೇಳುತ್ತೀರಿ? 'ಕ್ರಿಕ್ಷ್ತಾಯ್' ಅನ್ನುವ ಆ ಹಲಗೆಗಳಲ್ಲೂ ಕಪ್ಪೆಯಂಥ ಆಕಾರವಿದೆ. ಮರಕ್ಕೆ ಹಾಸು ಹೊಕ್ಕಿನ ಕಟ್ಟು ಇಲ್ಲ. ಬೇಕಾದ ಹಾಗೆ ಬಳುಕಿಸಿ ಕೆತ್ತಬಹುದಿತ್ತು, ಆದರೂ ಕಪ್ಪೆಯನ್ನೇ ಕೆತ್ತಿದರು.

ಮಗ್ಗದಮನೆ:
ಇದು ಗಟ್ಟಿ ಮಾತು, ಒಪ್ಪುತ್ತೇನೆ. ಸಮಾಧಿಯ ಮೇಲಿನ ಕಪ್ಪೆಗೆ ಮಗ್ಗ ಕಾರಣವಲ್ಲ. ಆದರೆ ಅಲ್ಲಿ ಅರ್ಥ ಹುಟ್ಟಿದ್ದು ಅದು ಸಮಾಧಿಯ ಮೇಲಿದೆ ಎಂಬುದರಿಂದ. ಪಟ್ಟಿಗೂ ಅದೇ ಪ್ರಶ್ನೆ ಕೇಳೋಣ: ಅದನ್ನು ಎಲ್ಲಿ ಕಟ್ಟುತ್ತಿದ್ದರು?

ಸೋಬಾನೆ:
ಅದನ್ನೇ ಹೇಳಬೇಕೆಂದಿದ್ದೆ. ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಲು ಇದೇ ಪಟ್ಟಿ. ಮದುವೆಯಲ್ಲಿ ವಧು ತಾನು ನೇಯ್ದ ಪಟ್ಟಿಗಳನ್ನು ಮದುವೆ ಕುದುರಿಸಿದವನಿಗೆ, ವಾದ್ಯದವರಿಗೆ, ಗಂಡನ ಕಡೆಯವರಿಗೆ ಕೊಡುತ್ತಿದ್ದಳು. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದಕ್ಕೂ ಪಟ್ಟಿ ಬಳಸುತ್ತಿದ್ದರು. ವಜ್ರವೋ ನಕ್ಷತ್ರವೋ, ಹೆಣ್ಣೊಬ್ಬಳು ಹೊಸ ಮನೆಯವರನ್ನು ತನ್ನ ಕೈಕೆಲಸದಿಂದ ತನ್ನವರಾಗಿಸಿಕೊಳ್ಳುತ್ತಿದ್ದಳಲ್ಲ, ನನಗೆ ಅದು ದೊಡ್ಡದು. ಕಸೂತಿಯ ಜೊತೆ ಹೋಲಿಸುವುದಾದರೆ ಅಲ್ಲಿಂದ ಶುರು ಮಾಡಿ: ಧಾರವಾಡದ ಕಡೆ ಮದುಮಗಳ ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಯನ್ನು ಯಾರು, ಯಾರಿಗಾಗಿ ಹಾಕುತ್ತಿದ್ದರು?

ಉತ್ಖನನ:
ಲಿಥುವೇನಿಯಾದ ಕ್ಲೈಪೆಡಾ ಸೀಮೆಯ ಪಟ್ಟಿಗಳನ್ನೂ ನೋಡಿ. ಅವುಗಳಲ್ಲಿ ಅಕ್ಷರಗಳನ್ನೇ ನೇಯ್ದಿದ್ದಾರೆ: ಹೆಸರು, ಇಸವಿ, ಹಾರೈಕೆ. ದುಂಡಗಿರಬೇಕಾದ ಅಕ್ಷರವೂ ಅಲ್ಲಿ ಮೂಲೆಮೂಲೆಯಾಗಿದೆ. ಆಕಾರ ಮಗ್ಗದ್ದು, ಮಾತು ನೇಯ್ದವಳದ್ದು.