ಲೆಹರಾ ಹಚ್ಚಿ ತಬಲಾ ರೆಕಾರ್ಡ್ ಮಾಡಿದ್ರ ಬೋಲ್ ಹಿಂದ ಬೀಳ್ತಾವ: ಲೇಟೆನ್ಸಿ (ದನಿ ತಡಾ ಆಗೂದು) ಸರಿ ಮಾಡೋದು ಹೆಂಗ?

ಮಾಳಮಡ್ಡಿ_ತಬಲಾ:
ನಮಸ್ಕಾರ್ರೀ. ಧಾರವಾಡದಾಗ ಮನಿಯೊಳಗ ಲೆಹರಾ, ಅಂದ್ರ ತಾಳ ತೋರಿಸ್ಲಿಕ್ಕೆ ಸುತ್ತಿ ಸುತ್ತಿ ಬರೋ ಧುನ್, ಹಚ್ಚಿಕೊಂಡು ತಬಲಾ ಸೋಲೊ ರೆಕಾರ್ಡ್ ಮಾಡ್ಲಿಕ್ಹತ್ತೀನಿ. ವಿಂಡೋಸ್ 11 ಲ್ಯಾಪ್‌ಟಾಪ್, ಎರಡು ಇನ್‌ಪುಟ್ಟಿನ ಯುಎಸ್‌ಬಿ ಇಂಟರ್‌ಫೇಸ್, ತಬಲಾಕ್ಕ ಒಂದು, ಡಗ್ಗಾಕ್ಕ ಒಂದು ಕಂಡೆನ್ಸರ್ ಮೈಕ್. ಸಾಫ್ಟ್‌ವೇರ್ ರೀಪರ್, 48 ಕಿಲೋಹರ್ಟ್ಸ್. ವಿಲಂಬಿತದಾಗ ಅಷ್ಟ ಗೊತ್ತಾಗೂದಿಲ್ಲ. ದ್ರುತಕ್ಕ ಬಂದ್ರ ಬಾರಿಸಿದ ಬೋಲ್ (ಒಂದೊಂದು ಪೆಟ್ಟಿನ ಅಕ್ಷರ) ಹೆಡ್‌ಫೋನಿನಾಗ ತಡಾ ಆಗಿ ಕೇಳಸ್ತದ. ಆಮೇಲೆ ಹಚ್ಚಿ ನೋಡಿದ್ರ ಸಮ್ (ತಾಳದ ಮೊದಲ ಮಾತ್ರೆ) ಲೆಹರಾಕ್ಕ ಕೂಡೂದಿಲ್ಲ. ಬಫರ್ (ಕಂಪ್ಯೂಟರ್ ಒಮ್ಮೆಗೆ ಹಿಡಿಯೋ ಸ್ಯಾಂಪಲ್ ಸಂಖ್ಯಾ) 1024ರಿಂದ 64ಕ್ಕ ಇಳಿಸಿದ್ರ ಚಟಚಟ ಸಪ್ಪಳ. ಹೊಸಾ ಇಂಟರ್‌ಫೇಸ್ ತಗೋಬೇಕೇನು?

ಕೇಶ್ವಾಪುರ_ಸೌಂಡ್:
ಬೇಡ ಸರ್, ದುಡ್ಡು ಉಳಿಸ್ರಿ. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ: ಕಿವಿಗೆ ತಡವಾಗಿ ಕೇಳೋದು ಒಂದು, ಟೈಮ್‌ಲೈನ್ ಮೇಲೆ ತಪ್ಪು ಜಾಗದಲ್ಲಿ ಕೂರೋದು ಇನ್ನೊಂದು. ಬಫರ್ ಇಳಿಸಿ ಎರಡನ್ನೂ ಒಟ್ಟಿಗೆ ಸರಿಮಾಡೋಕೆ ಹೋದರೆ ಚಟಚಟ ಬರೋದೇ.

48 ಕಿಲೋಹರ್ಟ್ಸಿನಲ್ಲಿ 1024 ಸ್ಯಾಂಪಲ್ ಅಂದರೆ 21.3 ಮಿಲಿಸೆಕೆಂಡ್. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಅಲ್ಲಿಗೆ ಸುಮಾರು 43. ನಿಮಿಷಕ್ಕೆ 300 ಮಾತ್ರೆಯ ತೀನ್‌ತಾಲ್‌ನಲ್ಲಿ ಮಾತ್ರೆಗೆ ನಾಲ್ಕು ಬೋಲ್ ಹಿಡಿದರೆ ಒಂದು ಬೋಲಿಗೆ 50 ಮಿಲಿಸೆಕೆಂಡ್. ಹೆಚ್ಚುಕಡಿಮೆ ಒಂದು ಬೋಲ್ ಪೂರ್ತಿ ಹಿಂದೆ ಕೇಳಿಸ್ತಾ ಇದೆ. ಕೈ ತಡವರಿಸದೇ ಇರುತ್ತಾ?

ಮೊದಲು ರೀಪರ್‌ನ ಪ್ರಿಫರೆನ್ಸಸ್, ಆಡಿಯೊ, ಡಿವೈಸ್‌ಗೆ ಹೋಗಿ ಎಎಸ್ಐಒ (ತಡ ಕಡಿಮೆ ಮಾಡೋ ಆಡಿಯೊ ಡ್ರೈವರ್ ಬಗೆ) ಆರಿಸಿ. ಇಂಟರ್‌ಫೇಸ್ ಕಂಪನಿಯದೇ ಡ್ರೈವರ್ ಹಾಕ್ರಿ. ಅದು ಸಿಗದಿದ್ದರೆ ಮಾತ್ರ ಎಎಸ್ಐಒ4ಆಲ್ ಅನ್ನೋ ಸಾಮಾನ್ಯ ಡ್ರೈವರ್. ನಂತರ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆನ್ ಮಾಡಿ. ಮೈಕಿನ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಹೆಡ್‌ಫೋನಿಗೆ ಹೋಗುತ್ತೆ. ಅದರ ಜೊತೆ ರೀಪರ್ ಟ್ರ್ಯಾಕಿನ ರೆಕಾರ್ಡ್ ಮಾನಿಟರಿಂಗ್ ಆಫ್ ಮಾಡಲೇಬೇಕು. ಎರಡೂ ಆನ್ ಇದ್ದರೆ ಒಂದೇ ಪೆಟ್ಟು ಎರಡು ಸಲ ಕೇಳಿಸುತ್ತೆ. ಇಷ್ಟಾದ ಮೇಲೆ ಬಫರ್ ಆರಾಮಾಗಿ 512ಕ್ಕೆ ಇಡಿ.

ಬೆಟಗೇರಿ_ಕೇಬಲ್:
ಸಮ್ ಕೂಡದಿರೂದು ಬಫರಿಂದ ಸರಿ ಆಗಂಗಿಲ್ರೀ, ಅದಕ್ಕ ಲೂಪ್‌ಬ್ಯಾಕ್ ಅಳತಿ (ಹೊರಗ ಹೋದ ದನಿ ಮತ್ತ ಒಳಗ ತಂದು ತಡಾ ಅಳಿಯೂದು) ಬೇಕು. ಪ್ರಿಫರೆನ್ಸಸ್, ಆಡಿಯೊ, ರೆಕಾರ್ಡಿಂಗ್‌ದಾಗ 'ಡ್ರೈವರ್ ಹೇಳಿದ ಲೇಟೆನ್ಸಿ ಬಳಸು' ಅನ್ನೂದಕ್ಕ ಟಿಕ್ ಇರಲಿ. ಡ್ರೈವರ್ ಹೇಳೂ ಲೆಕ್ಕ ಬಾಳ ಸಲ ಪೂರಾ ಖರೆ ಇರಂಗಿಲ್ಲ, ಉಳಿದದ್ದನ್ನ ನಾವು ತುಂಬಬೇಕು.

ಇಂಟರ್‌ಫೇಸಿನ ಲೈನ್ ಔಟ್ 1ರಿಂದ ಇನ್‌ಪುಟ್ 1ಕ್ಕ ಕಾಲಿಂಚು ಜ್ಯಾಕಿನ ಕೇಬಲ್ ಹಾಕ್ರಿ. ಅದಕ್ಕೂ ಮೊದಲ ಮೈಕಿಗೆ ಹೋಗೂ 48 ವೋಲ್ಟ್ ಫ್ಯಾಂಟಮ್ ಕರೆಂಟ್ ಬಂದ್, ಇನ್‌ಪುಟ್ ಲೈನ್‌ಗೆ, ಗೇನ್ ಪೂರಾ ಕಡಿಮಿ. ಡೈರೆಕ್ಟ್ ಮಾನಿಟರೂ ಬಂದ್ ಮಾಡ್ರಿ, ಇಲ್ಲಾಂದ್ರ ಸುತ್ತು ಕಟ್ಟಿ ಕಿರಿಚತೈತಿ. ಹೆಡ್‌ಫೋನ್ ಕಿವಿಗೆ ಹಾಕ್ಕೋಬ್ಯಾಡ್ರಿ. ಒಂದು ಟ್ರ್ಯಾಕಿನಾಗ ಚೂಪಾದ ಕ್ಲಿಕ್ ಇಟ್ಟು, ಇನ್ನೊಂದರಾಗ ಅದನ್ನ ರೆಕಾರ್ಡ್ ಮಾಡಿ, ದೊಡ್ಡದು ಮಾಡಿ ಎರಡರ ನಡುವಿನ ಅಂತರ ಸ್ಯಾಂಪಲ್‌ದಾಗ ಎಣಿಸ್ರಿ. 48 ಸ್ಯಾಂಪಲ್ ಅಂದ್ರ 1 ಮಿಲಿಸೆಕೆಂಡ್. ಆ ಸಂಖ್ಯೆ ಅಲ್ಲೇ ಇನ್‌ಪುಟ್ ಮ್ಯಾನುವಲ್ ಆಫ್‌ಸೆಟ್‌ಗೆ ಹಾಕಿ ಮತ್ತ ಅಳೀರಿ. ಅಂತರ ದುಪ್ಪಟ್ಟಾದ್ರ ಮುಂದ ಮೈನಸ್ ಹಚ್ಚೂದು. ಬಫರ್ ಬದಲಿಸಿದ್ರ ಇನ್ನೊಮ್ಮೆ ನೋಡ್ರಿ, ಕೆಲವು ಡ್ರೈವರಿನಾಗ ಅಂತರಾನೂ ಬದಲಾಕ್ಕೈತಿ.

ಈಗಾಗಲೇ ಬಾರಿಸಿದ್ದನ್ನ ಸರಿಸೂದಿದ್ರ ತಬಲಾ-ಡಗ್ಗಾ ಎರಡೂ ಐಟಂ ಕೂಡೇ ಹಿಡಿದು ಸರಿಸ್ರಿ. ಒಂದನ್ನ ಸರಿಸಿದ್ರ ಎರಡು ಮೈಕಿನ ಫೇಜ್ (ದನಿ ಅಲೆಗಳ ಹೊಂದಾಣಿಕಿ) ಕೆಟ್ಟು ಡಗ್ಗಾದ ಗುಮ್ಮು ಹೋಕ್ಕೈತಿ.

ಒಂದು ಮಾತು ಕೇಳೂದೈತಿ: ಲೆಹರಾ ಎಲ್ಲಿಂದ ಬರತೈತಿ?

ಮಾಳಮಡ್ಡಿ_ತಬಲಾ:
ಫೋನಿನ ಆ್ಯಪಿನಿಂದ್ರೀ, ಇಯರ್‌ಫೋನಿನಾಗ. ಅದರ ಫೈಲ್ ಆಮೇಲೆ ರೀಪರ್‌ಗೆ ಹಾಕ್ತೀನಿ. ಶುರುವಿಗೆ ಕೈಯಿಂದ ಕೂಡಿಸಿದ್ರೂ ಹತ್ತು ನಿಮಿಷಕ್ಕ ಮತ್ತ ಜಾರ್ತದ.

ಬೆಟಗೇರಿ_ಕೇಬಲ್:
ಹಂಗಾದ್ರ ಲೇಟೆನ್ಸಿ ಜೋಡಿ ಕ್ಲಾಕ್ ಡ್ರಿಫ್ಟೂ ಐತಿ. ಲೇಟೆನ್ಸಿ ಮೊದಲಿಂದ ಕಡೀತನಕ ಒಂದೇ ಇರತೈತಿ; ಹೊತ್ತು ಹೋದಂಗ ಬೆಳ್ಯಾಕತ್ರ ಅದು ಡ್ರಿಫ್ಟು. ಫೋನಿಗೆ ಒಂದು ಕ್ಲಾಕ್, ಇಂಟರ್‌ಫೇಸಿಗೆ ಇನ್ನೊಂದು. ಹತ್ತು ಲಕ್ಷಕ್ಕ 50ರಷ್ಟು ಫರಕ್ ಇದ್ರ 10 ನಿಮಿಷಕ್ಕ 30 ಮಿಲಿಸೆಕೆಂಡ್ ಜಾರತೈತಿ. ಲೆಹರಾ ಫೈಲ್ ಮೊದಲ ರೀಪರ್‌ಗೆ ತರ್ರಿ, ಅಲ್ಲಿಂದಲೇ ಹಚ್ಚಿ, ಇಂಟರ್‌ಫೇಸಿನ ಜ್ಯಾಕಿನಿಂದಲೇ ಕೇಳ್ರಿ. ಬ್ಲೂಟೂತ್ ಅಂತೂ ಬ್ಯಾಡೇ ಬ್ಯಾಡ, ಅದರದ್ದು ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟತೈತಿ.

ಕೇಶ್ವಾಪುರ_ಸೌಂಡ್:
ಚಟಚಟ ಸಪ್ಪಳ 512ರಲ್ಲೂ ಬಂದರೆ ಲೇಟೆನ್ಸಿಮಾನ್ ಅನ್ನೋ ಪ್ರೋಗ್ರಾಂ ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ತಡೀತಾ ಇದೆ ಅಂತ ತೋರಿಸುತ್ತೆ. ವೈಫೈ ಡ್ರೈವರ್ ಮೇಲೆ ಮೊದಲು ಅನುಮಾನ ಪಡಿ, ರೆಕಾರ್ಡಿಂಗ್ ಹೊತ್ತಿಗೆ ಆಫ್ ಇಡಿ. ಇಂಟರ್‌ಫೇಸ್ ಹಬ್ ಬಿಟ್ಟು ನೇರ ಲ್ಯಾಪ್‌ಟಾಪ್ ಪೋರ್ಟಿಗೆ.

ಮುಂದೆ ಗಾಯಕರನ್ನ ರೆಕಾರ್ಡ್ ಮಾಡಿದರೆ ಅವರು ಹೆಡ್‌ಫೋನಿನಲ್ಲಿ ರಿವರ್ಬ್ (ಪ್ರತಿಧ್ವನಿ) ಬೇಕು ಅಂತಾರೆ. ಆಗಲೂ ಡೈರೆಕ್ಟ್ ಮಾನಿಟರ್ ತೆಗೀಬೇಡಿ. ಹಾಡಿನ ಟ್ರ್ಯಾಕಿಗೆ ಮಾನಿಟರಿಂಗ್ ಆನ್ ಮಾಡಿ, ಅದರ ಮಾಸ್ಟರ್ ಸೆಂಡ್ (ಕೊನೆಯ ಮಿಕ್ಸಿಗೆ ಹೋಗೋ ದಾರಿ) ತೆಗೆದು, ಬೇರೆ ಟ್ರ್ಯಾಕಿಗೆ ಸೆಂಡ್ ಕೊಡಿ. ಅಲ್ಲಿ ರಿವರ್ಬಿನ ಡ್ರೈ (ಮೂಲ ದನಿ) ಸೊನ್ನೆ, ವೆಟ್ (ಪ್ರತಿಧ್ವನಿ) ಮಾತ್ರ. ಬಫರ್ 256 ಇದ್ದರೂ ಆ ತಡ ರಿವರ್ಬಿನ ಪ್ರೀ-ಡಿಲೇ (ಪ್ರತಿಧ್ವನಿ ಶುರುವಾಗೋ ಮುಂಚಿನ ಬಿಡುವು) ಥರ ಕೇಳುತ್ತೆ, ಹಾಡೋರಿಗೆ ಅಡ್ಡಿಯಾಗಲ್ಲ. ರೆಕಾರ್ಡಿಂಗ್ ಮುಗಿದು ಮಿಕ್ಸಿಂಗ್‌ಗೆ ಕೂತಾಗ ಮಾಸ್ಟರ್ ಸೆಂಡ್ ಮರಳಿ ಹಾಕಿ, ಇಲ್ಲದಿದ್ದರೆ ಹಾಡಿನ ಮೂಲ ದನಿಯೇ ಕೇಳಲ್ಲ.