ಮಳೆ, ಬರೆ, ಬಿರುಕು: ಇಂಜಿನಿಯರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಮಡಿಕೇರಿ ಸುತ್ತಮುತ್ತ ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಇವತ್ತು ಸಂಜೆ ಸ್ಟ್ರಕ್ಚರಲ್ ಇಂಜಿನಿಯರ್ ಶೈಲಜಾ ಮೇಡಂ ನಮ್ಮ ಜೊತೆ ಇದ್ದಾರೆ. ಮನೆ ಬಗ್ಗೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಕಿರಣ್: ನಮಸ್ಕಾರ ಮೇಡಂ. ಗೋಡೆಯ ಪ್ಲಾಸ್ಟರ್‌ನಲ್ಲಿ ಕೂದಲೆಳೆಯಷ್ಟು ಬಿರುಕು. ಹೆದರಬೇಕಾ?

ಶೈಲಜಾ: ನಮಸ್ಕಾರ. ಸದ್ಯಕ್ಕೆ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆದರೆ, ಅಥವಾ ಕಿಟಕಿ ಮೂಲೆಯಿಂದ ಮೆಟ್ಟಿಲಿನ ಹಾಗೆ ಓರೆಯಾಗಿ ಹೋದರೆ ತಿಳಿಸಿ.

ಸವಿತಾ: ಮೇಡಂ, ನಮ್ಮ ಮನೆ ಹಿಂದೆ ಇಪ್ಪತ್ತಡಿ ಬರೆ, ಗುಡ್ಡ ಕಡಿದಾಗ ಉಳಿದ ನೇರ ಮಣ್ಣಿನ ಗೋಡೆ. ಅದರ ಮೇಲಿನ ಕಾಫಿ ತೋಟದಲ್ಲಿ ಬೆಳಿಗ್ಗೆ ನೆಲ ಬಿಲ್ಲಿನ ಹಾಗೆ ಬಾಯಿ ಬಿಟ್ಟಿದೆ, ಕೈ ಇಳಿಯುವಷ್ಟು. ಬರೆಯ ಬುಡದಲ್ಲಿ ಕೆಂಪು ನೀರು ಬರುತ್ತಿದೆ, ಮೊದಲು ಇರಲಿಲ್ಲ. ಹಿಂದಿನ ಬಾಗಿಲು ನಿನ್ನೆಯಿಂದ ಹಾಕಲು ಆಗುತ್ತಿಲ್ಲ. ದನ ಬಿಟ್ಟು ಬರಲ್ಲ ಅಂತ ಅತ್ತೆ ಕೂತಿದ್ದಾರೆ. ಬಿರುಕಿಗೆ ಸಿಮೆಂಟ್ ಹಾಲು ಸುರಿದರೆ ನಿಲ್ಲುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ಸುರಿಯಲಾ?

ಶೈಲಜಾ: ಸುರಿಯಬೇಡಿ. ಆ ಕಡೆ ಹೋಗಲೇಬೇಡಿ. ಬಾಗಿಲು ಒಂದೇ ಆಗಿದ್ದರೆ ಮಳೆಗೆ ಮರ ಉಬ್ಬಿದೆ ಅನ್ನುತ್ತಿದ್ದೆ. ಆದರೆ ಬಿಲ್ಲಿನ ಆಕಾರದ ಬಿರುಕು ಅಂದರೆ ಜಾರುವ ಮಣ್ಣಿನ ಮೇಲಂಚು. ಕೆಂಪು ನೀರು ಅಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ. ಗುಡ್ಡ ಆಗಲೇ ಜರುಗಿದೆ ಸವಿತಾ ಅವರೇ. ನಮ್ಮ ಕಡೆ ಬಂಡೆಯ ಮೇಲೆ ದಪ್ಪ ಮಣ್ಣು. ದಿನಗಟ್ಟಲೆ ಮಳೆ ಕುಡಿದರೆ ಅದರ ಭಾರ ಏರುತ್ತದೆ, ಹಿಡಿತ ಇಳಿಯುತ್ತದೆ. ಮನೆಗೆ ಜಾಗ ಮಾಡಲು ಅದರ ಬುಡವನ್ನು ನಾವೇ ಜೆಸಿಬಿಯಲ್ಲಿ ಕಡಿದಿರುತ್ತೇವೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ಮರೆತಿಲ್ಲ ತಾನೇ?

ಕತ್ತಲಾಗುವ ಮೊದಲು ಹೊರಡಿ. ಮೇನ್ ಸ್ವಿಚ್ ಆಫ್, ಗ್ಯಾಸ್ ಬಂದ್. ಜಾಗದ ಪತ್ರ, ಔಷಧಿ, ಅಷ್ಟೇ ಸಾಕು. ದನದ ಹಗ್ಗ ಬಿಚ್ಚಿ ಬಿಡಿ. ತೋಡಿನ (ಹಳ್ಳದ) ಪಕ್ಕ ಇಳಿಯಬೇಡಿ, ಅಡ್ಡಕ್ಕೆ ದೂರ ಹೋಗಿ. ಕೆಳಗಿನ ಮನೆಯವರನ್ನೂ ಎಬ್ಬಿಸಿ. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ.

ಮೋಹನ್: ಪ್ಲಾಸ್ಟರ್‌ನಲ್ಲಿ ಸಣ್ಣ ಬಿರುಕು ಇದೆ ಮೇಡಂ, ಏನು ಮಾಡಲಿ?

ಶೈಲಜಾ: ಮೇಲೆ ಬರೆದಿದ್ದೇನೆ.

ಮಂಜು: 🙏 ಲಾವಂಚ ನೆಟ್ಟರೆ ಎಂಥ ಗುಡ್ಡವೂ ಕುಸಿಯಲ್ಲ. ಎಲ್ಲರಿಗೂ ಕಳಿಸಿ 🙏

ಶೈಲಜಾ: ಲಾವಂಚದ ಬೇರು ಎರಡು ಮೂರು ಮೀಟರ್ ಇಳಿಯುತ್ತದೆ. ಮೇಲ್ಮಣ್ಣಿಗೆ ಒಳ್ಳೆಯದೇ. ಹತ್ತು ಮೀಟರ್ ಆಳದಲ್ಲಿ ಜಾರುವ ಗುಡ್ಡವನ್ನು ಹುಲ್ಲು ಹಿಡಿದು ನಿಲ್ಲಿಸುತ್ತದೆಯೇ? ಇದನ್ನು ನಂಬಿ ಯಾರಾದರೂ ಈ ಮಳೆಯಲ್ಲಿ ಬರೆ ಹತ್ತಿದರೆ? ಅಡ್ಮಿನ್, ಅಳಿಸಿ.

ಗಣೇಶ: ನಮ್ಮ ತಡೆಗೋಡೆ ಹೊಟ್ಟೆ ಬಿಟ್ಟಿದೆ.

ಶೈಲಜಾ: ನೀರು ಹೋಗುವ ತೂತು ಇದೆಯಾ?

ಗಣೇಶ: ಇತ್ತು. ಇಲಿ ಬರುತ್ತೆ ಅಂತ ಮುಚ್ಚಿಸಿದೆ.

ಶೈಲಜಾ: ಮಣ್ಣಿನ ಜೊತೆ ನೀರನ್ನೂ ಹೊರಿಸಿದ್ದೀರಿ. ಆ ಕಡೆಯ ಕೋಣೆಯಲ್ಲಿ ಯಾರೂ ಮಲಗಬೇಡಿ. ಈಗ ತೂತು ಕೊರೆಯಲು ಹೋಗಬೇಡಿ. ಸವಿತಾ ಅವರೇ, ಹೊರಟಿರಾ?

ತಿಮ್ಮಯ್ಯ: ಎಲ್ಲಾ ಈ ಹೋಂಸ್ಟೇಯವರು ಗುಡ್ಡ ಕಡಿದು ಮಾಡಿದ್ದು.

ರೇಖಾ: ನಮ್ಮದೂ ಹೋಂಸ್ಟೇ. ನಿಮ್ಮ ತೋಟಕ್ಕೆ ರಸ್ತೆ ಹೇಗೆ ಬಂತು?

ತಿಮ್ಮಯ್ಯ: ಅದು ಅಜ್ಜನ ಕಾಲದ ದಾರಿ.

ರೇಖಾ: ಅಜ್ಜನ ಹತ್ತಿರ ಜೆಸಿಬಿ ಇತ್ತಾ?

ಲೋಕೇಶ: ಬಾವಿ ನೀರು ಕಲಕಿದೆ. ಕುಡಿಯಬಹುದಾ?

ತಿಮ್ಮಯ್ಯ: ರೇಖಾ, ಮಾತು ಬಿಗಿ ಹಿಡಿಯಮ್ಮ.

ಅನಿತಾ: ವಿಮೆ ಸಿಗುತ್ತಾ ಮೇಡಂ?

ಶೈಲಜಾ: ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹ, ಭೂಕುಸಿತ ಎರಡೂ ಸೇರಿವೆ. ಹೊಸ ಮನೆ ಕೂತು ಬಂದ ಬಿರುಕಿಗೆ ಸಿಗಲ್ಲ. ಮಣ್ಣು ತೆಗೆಯುವ ಮೊದಲು ಫೋಟೊ ತೆಗೆಯಿರಿ. ಜಗಳ ಬೇರೆ ಕಡೆ ಮಾಡಿಕೊಳ್ಳಿ, ನಾನು ಒಬ್ಬರ ಉತ್ತರಕ್ಕೆ ಕಾಯುತ್ತಿದ್ದೇನೆ. ಸವಿತಾ?

ಸವಿತಾ: ಅಕ್ಕನ ಮನೆಗೆ ಬಂದೆವು ಮೇಡಂ. ಅತ್ತೆ ಅಳುತ್ತಿದ್ದಾರೆ. ಕರುವನ್ನು ಎತ್ತಿಕೊಂಡೇ ಬಂದರು. ಮಳೆ ನಿಂತರೆ ಬೆಳಿಗ್ಗೆ ಹೋಗಿ ಹಾಲು ಕರೆಯಬಹುದಾ?

ಶೈಲಜಾ: ಇಲ್ಲ. ಮಳೆ ನಿಂತ ಮೇಲೂ ಗುಡ್ಡ ಜಾರುತ್ತದೆ. ತಿಳಿದವರು ಯಾರಾದರೂ ಬಂದು ನೋಡಿ ಹೇಳುವವರೆಗೆ ಹೋಗಬೇಡಿ.

ಮೋಹನ್: ಮೇಡಂ, ಬಿರುಕಿಗೆ ಪುಟ್ಟಿ ಹಾಕಿದರೆ ಸಾಕಾ?